ಎಡಸಾಲು, ಹದಿನೇಳನೇ ಕದಿರು

ಎಳೆ ಹರಿದರೆ ಕೂಗಬೇಕು,
ಅಷ್ಟೇ ಅದರ ಕೆಲಸ.
ಬೆಂಕಿಪೊಟ್ಟಣದಷ್ಟು ಬೋರ್ಡು, ಒಂದು ಕೆಂಪು ದೀಪ,
ಹಳೇ ಗಡಿಯಾರದಿಂದ ಕಿತ್ತ ಬಜರು,
ಮೂರು ತಂತಿ ಸೇರಿ ಕೂರುವ ಬಿಳಿ ಕನೆಕ್ಟರು.
ಮನೆಯ ಮೇಜಿನ ಮೇಲೆ ಎಂಟು ದಿನ
ಒಂದು ತಪ್ಪೂ ಮಾಡಲಿಲ್ಲ.

ಮೇಜು ನಡುಗುವುದಿಲ್ಲವಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದೆ
ಪ್ಯಾರೇಜಾನ್ ಸಾಬರ ಹುರಿ ಮಿಲ್ಲು.
ಒಳಗೆ ಕಾಲಿಟ್ಟರೆ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ,
ಆಮೇಲೆ ಹಲ್ಲಿಗೆ, ಕಿವಿಗೆ ಕೊನೆಗೆ.
ಗೋಡೆಯ ಕ್ಯಾಲೆಂಡರು ಸದಾ
ಯಾವುದೋ ತಾರೀಕಿಗೆ ಅವಸರ ಮಾಡುತ್ತಿರುತ್ತದೆ.
ಲೋಟದ ಚಹಾದಲ್ಲಿ ಉಂಗುರ ಉಂಗುರ.
ನೋಡೋಣ ಎಂದು ಸಾಬರು
ಒಂದೇ ಒಂದು ಕದಿರು ಬಿಟ್ಟುಕೊಟ್ಟರು.

ಕೂರಿಸಿದ ದಿನ ಹನ್ನೊಂದು ಸಲ ಕೂಗಿತು.
ಹನ್ನೊಂದು ಸಲವೂ ಖಮರ್‌ತಾಜ್ ಎದ್ದು ಬಂದು
ಕಣ್ಣು ಕಿರಿದು ಮಾಡಿ ನೋಡಿದರು.
ಎಳೆ ನೆಟ್ಟಗೆ ಹೋಗುತ್ತಿತ್ತು.
ಸಡಿಲಿದ್ದು ನನ್ನ ಕನೆಕ್ಟರು,
ಹಾಲುಹಲ್ಲಿನ ಹಾಗೆ.
"ನಿನ್ನ ಪೆಟ್ಟಿಗೆ ತನ್ನ ದುಃಖಕ್ಕೇ ಅಳುತ್ತೆ ಬೇಟಾ,
ನಮ್ಮದನ್ನ ಯಾವಾಗ ಕೇಳುತ್ತೆ?"

ಬಿಸಿ ಅಂಟಿನ ಗನ್ನು ತಂದೆ. ಮೂರು ತೊಟ್ಟು.
ಎಣ್ಣೆಪಸೆಗೆ ಅಂಟು ಹಿಡಿಯುವುದಿಲ್ಲ ಎಂದು ಗೊತ್ತಿತ್ತು,
ಗೊತ್ತಿದ್ದೂ ಒರೆಸಲಿಲ್ಲ.
ಮಧ್ಯಾಹ್ನದ ಹೊತ್ತಿಗೆ ಅದು ಉಗುರಿನಂತೆ ಎದ್ದು
ನೆಲದ ಮೇಲೆ ಬಿದ್ದಿತ್ತು,
ನನ್ನ ಬೆರಳಚ್ಚಿನ ಸಮೇತ.

ಮರುದಿನ ಪ್ಲಾಸ್ಟಿಕ್ ಟೈ.
ಕಟಕಟ ಕಟಕಟ ಎಳೆದು ಬಿಗಿದೆ,
ಸಿಟ್ಟು ಬಂದವನು ಬಿಗಿಯುವಂತೆ.
ಕನೆಕ್ಟರು ಅಲ್ಲಾಡಲಿಲ್ಲ, ಒಪ್ಪುತ್ತೇನೆ.
ನಾಲ್ಕನೇ ದಿನ ಬಿಗಿದ ಕಡೆಯೇ, ಕುತ್ತಿಗೆಯ ಬುಡದಲ್ಲೇ
ಹಳದಿ ತಂತಿ ಒಳಗೊಳಗೇ ತುಂಡಾಗಿತ್ತು.
ಮೇಲಿನ ಸಿಪ್ಪೆ ಹಾಗೇ ಇತ್ತು,
ಏನೂ ಆಗಿಲ್ಲ ಎನ್ನುವವರ ಮುಖದಂತೆ.

ಖಮರ್‌ತಾಜ್ ಕನ್ನಡಕವನ್ನು ಸೆರಗಿಗೆ ಒರೆಸಿಕೊಂಡು
ಬೆರಳಲ್ಲಿ ತಂತಿಯ ದಾರಿ ಹಿಡಿದು ಹೋದರು.
ಬೋರ್ಡಿನಿಂದ ಹೊರಟು, ಗಾಳಿಯಲ್ಲಿ ಒಂದು ಗೇಣು ಹಾದು,
ಗೋಡೆಯ ಮೊಳೆಗೆ.
"ಮಿಷನ್ನಿನ ನಡುಕ ಬೇರೆ, ಗೋಡೆ ನಡುಕ ಬೇರೆ.
ಮಧ್ಯದಲ್ಲಿ ಸಿಕ್ಕಿದ್ದು ಏನು ಮಾಡಬೇಕು, ಹೇಳು?"

ನಾನು ಮೂರು ವರ್ಷ ಡಿಪ್ಲೊಮಾ ಓದಿದವನು.
ಸ್ಕ್ರೂಡ್ರೈವರ್ ಕಿಸೆಗೆ ಹಾಕಿದೆ, ಮತ್ತೆ ತೆಗೆದೆ.

ಮೊಳೆಯಿಂದ ತಂತಿ ಬಿಚ್ಚಿಸಿದರು.
ಬೋರ್ಡು ಕೂತ ಅದೇ ಕಬ್ಬಿಣದ ಪಟ್ಟಿಗೆ ತಂದು
ನಡುವೆ ಕಿವಿಯೋಲೆಯಷ್ಟು ಒಂದು ಬಳುಕು ಬಿಟ್ಟರು.
ಬುಟ್ಟಿಯಿಂದ ಹಸಿ ರೇಷ್ಮೆಯ ತುಂಡೊಂದನ್ನು ಆರಿಸಿ,
ಹುಳುವಿನ ಅಂಟು ಇನ್ನೂ ತೊಳೆಯದ್ದು,
ಬಿಸಿನೀರಿಗೆ ಅದ್ದಿ ಎಂಟರ ಆಕಾರದಲ್ಲಿ ಸುತ್ತಿದರು:
ಕನೆಕ್ಟರಿನ ಭುಜ, ಪಟ್ಟಿ, ಮತ್ತೆ ಭುಜ.
ಕೊನೆಗೆ ಅವರದೇ ಗಂಟು, ದಿನಕ್ಕೆ ನೂರು ಸಲ ಹಾಕುವಂಥದ್ದು,
ಮೂರು ಸಲ ನೋಡಿದರೂ ನನಗೆ ಬರಲಿಲ್ಲ.
ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಉಗಿದರು.
ಒಣಗಿದ ಮೇಲೆ ಅದು ಸಣ್ಣ ಮೂಳೆಯ ಹಾಗೆ ಗಟ್ಟಿ.

ನಡುಕ ನಿಂತಿಲ್ಲ.
ಬೋರ್ಡು, ಕನೆಕ್ಟರು, ತಂತಿ, ಪಟ್ಟಿ
ಈಗ ಒಟ್ಟಿಗೆ ನಡುಗುತ್ತವೆ.

ಒಂಬತ್ತು ದಿನ ಪೆಟ್ಟಿಗೆ ಸುಮ್ಮನಿತ್ತು.
ಕೆಟ್ಟೇ ಹೋಗಿರಬೇಕೆಂದು ಮೀಟರ್ ಹಿಡಿದು ಹೋದೆ.
ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕೂಗಿತು.
ಓಡಿದೆ. ಕೈ ನೇರ ಕನೆಕ್ಟರಿಗೆ.
ಅದು ಕೂತಲ್ಲೇ ಕೂತಿತ್ತು.
ಪಕ್ಕದಲ್ಲಿ ಹರಿದ ಎಳೆಯೊಂದು
ಗಾಳಿಗೆ ಬಾಲ ಆಡಿಸುತ್ತಿತ್ತು.

"ಸರಿ" ಎಂದರು ಖಮರ್‌ತಾಜ್.
ಸರಿಯಾಗಿದೆ ಎಂದರೋ, ಪಕ್ಕಕ್ಕೆ ಸರಿ ಎಂದರೋ,
ಆ ಸದ್ದಿನಲ್ಲಿ ತಿಳಿಯಲಿಲ್ಲ.
ಎರಡಕ್ಕೂ ಆಗಲೆಂದು ಒಂದು ಹೆಜ್ಜೆ ಹಿಂದೆ ನಿಂತೆ.